ಗೇರ್ ಇಳಿಸೋ ಜಾಣತನ ಲಿವರಿನಾಗ ಇಲ್ಲ



ಈಗ ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಹಳ್ಳಿಯೊಳಗೂ ಆಟೋಮ್ಯಾಟಿಕ್ ಗೇರಿನ ಕಾರು ಬಂದಾವು. ಹೊಸಾವು ಕಡಿಮಿ, ಸೆಕೆಂಡ್ ಹ್ಯಾಂಡ್ ಹೆಚ್ಚು. ಕ್ಲಚ್ ತುಳಿಯೋ ಕಾಟ ಇಲ್ಲ, ಛಲೋನ ಐತಿ. ಆದ್ರ ಮ್ಯಾನುವಲ್‌ಗೆ ಹಾಕಿ ಗೇರ್ ಇಳಿಸಿದ್ರ ಗಾಡಿ ಜಗ್ಗಿ ಧಕ್ಕಾ ಹೊಡಿತೈತಿ ಅನ್ನೋದು ಹುಡುಗರ ತಕರಾರು. ಅದಕ್ಕ ಔಷಧಾನೂ ಹೇಳ್ತಾರ: ಲಿವರ್ ಕಡಿಸಿ ಗಿಡ್ಡ ಮಾಡ್ಸು, ಸ್ಪ್ರಿಂಗ್ ಬದಲಿಸು, ಕೆಳಗಿನ ಕೀಲು ಸರಿಸು. ನನ್ನ ಅಭಿಪ್ರಾಯ ನೇರ ಹೇಳ್ತೀನಿ. ಆ ರೊಕ್ಕ ಹೊಳ್ಯಾಗ ಹಾಕಿದಂಗ. ಧಕ್ಕಾ ಹುಟ್ಟೋದು ಲಿವರಿನಾಗ ಅಲ್ಲ.

2014ರಾಗ ಮಾರುತಿ ಸೆಲೆರಿಯೋ ಬಂದ ಮ್ಯಾಲೆ ಸಾದಾ ಮಂದಿ ಕೈಗೆ ಸಿಕ್ಕಿದ್ದು ಎಎಂಟಿ ಅನ್ನೋ ಜಾತಿ. ಅದರೊಳಗ ಇರೋದು ನಮ್ಮ ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ಚು. ಕಾಲು ಮತ್ತ ಕೈ ಮಾಡೋ ಕೆಲಸಾನ ಕಂಪ್ಯೂಟರ್ ಹೇಳಿದಂಗ ಯಂತ್ರ ಮಾಡ್ತೈತಿ. ನೀವು ಲಿವರ್ ಮೈನಸ್ ಕಡೆ ನೂಕಿದ್ರ ಅದು ಬರೇ ಒಂದು ಸ್ವಿಚ್ಚು. ಮನಿ ಬಾಗಿಲ ಗಂಟಿ ಒತ್ತಿದಂಗ. ಗಂಟಿ ಬಟನ್ ಎಷ್ಟ ಚಂದ ಮಾಡ್ಸಿದ್ರೂ ಒಳಗಿನವರು ಎದ್ದು ಬರೋ ವೇಗ ಬದಲಾಗುವುದಿಲ್ಲ. ಗೇರ್ ಇಳಿಸಿದ್ರ ಎಂಜಿನ್ ಅತಿ ಓಡ್ತೈತಿ ಅನ್ನೋ ವೇಗದಾಗ ನೀವಿದ್ರ ಕಂಪ್ಯೂಟರ್ ನಿಮ್ಮ ಮಾತ ಕೇಳೂದಿಲ್ಲ.

ಹಂಗಾದ್ರ ಧಕ್ಕಾ ಎಲ್ಲಿಂದ ಬಂತು? ನಾ ಕಲಿತದ್ದು ಎಸ್ಸೆಸ್ಸೆಲ್ಸಿ, ಆದ್ರ ಈ ಲೆಕ್ಕಕ್ಕ ಅಷ್ಟು ಸಾಕು. ಮೂರನೇ ಗೇರಿನ ಅನುಪಾತ 1.4, ಎರಡನೇದು 2.1 ಅಂತ ಇಟ್ಕೊಳ್ರಿ. ಮೂರನೇದರಾಗ ಎಂಜಿನ್ 2000 ಸುತ್ತು ತಿರಗಾಕತ್ತಿದ್ರ, ಅದ ವೇಗದಾಗ ಎರಡಕ್ಕ ಇಳಿಸಿದ್ರ 3000 ಸುತ್ತು ತಿರಗಬೇಕು. ಆ 1000 ಸುತ್ತು ಕೊಡವ್ರು ಯಾರು? ನೀವು ಎಕ್ಸಿಲರೇಟರ್ ಕೊಡ್ಲಿಲ್ಲ ಅಂದ್ರ ಗಾಲಿನ ಎಂಜಿನ್ನ ಎಳಕೊಂಡು ಹೋಗಬೇಕು. ಆ ಎಳೆದಾಟಕ್ಕ ನಾವು ಧಕ್ಕಾ ಅಂತೀವಿ. ಮೊದಲ ಬ್ರೇಕ್ ಹಿಡಿದು 1400 ಸುತ್ತಿಗೆ ತಂದು ಆಮ್ಯಾಲೆ ಇಳಿಸ್ರಿ. ಆಗ ಬೇಕಾಗೋದು 2100, ವ್ಯತ್ಯಾಸ 700 ಅಷ್ಟ. ಖರ್ಚಿಲ್ಲದ ರಿಪೇರಿ ಇದು.

ಲಿವರ್ ಗಿಡ್ಡ ಮಾಡಿದ್ರ ಏನಾಗ್ತೈತಿ ಅನ್ನೋದು ಹಾರಿ ಹಿಡಿದು ಕಲ್ಲು ಎಬ್ಬಿಸಿದ ರೈತಗ ಹೇಳೋದು ಬ್ಯಾಡ. ಹಾರಿ ಗಿಡ್ಡ ಆದ್ರ ಕೈ ಸರಿಯೋ ದೂರ ಕಡಿಮಿ, ಹಾಕೋ ಬಲ ಹೆಚ್ಚು. ಕ್ಲಚ್ ಇರೋ ಮಾಮೂಲಿ ಕಾರಿನಾಗ ಕೆಲವರಿಗೆ ಅದು ಹಿಡಿಸಬಹುದು, ಜಗಳ ಇಲ್ಲ. ಆದ್ರ ಆಟೋಮ್ಯಾಟಿಕ್ ಗಾಡ್ಯಾಗ ಅದ ಲಿವರ್ ನ್ಯೂಟ್ರಲ್, ರಿವರ್ಸ್ ಜಾಗಾನೂ ಹಿಡಿದಿರತೈತಿ. ಕೀಲು ಸರಿಸಿ ಅಳತಿ ತಪ್ಪಿದ್ರ ಕೈಗೆ ನ್ಯೂಟ್ರಲ್ ಅನಿಸ್ತೈತಿ, ಒಳಗ ಗೇರ್ ಕೂತಿರತೈತಿ. ಮುಂದ ಅಂಗಳದಾಗ ಕೂಸು ಆಡ್ತಿದ್ರ ಗತಿ ಏನ್ರಿ?

ಟ್ರ್ಯಾಕ್ಟರಿಗೂ ಇದ ನ್ಯಾಯ. ನಮ್ಮ ಕಡೆ ಓಡೋ ಹಳೇ ಟ್ರ್ಯಾಕ್ಟರಿನಾಗ ಹೆಚ್ಚಿನವಕ್ಕ ಸಿಂಕ್ರೋಮೆಶ್ ಇಲ್ಲ. ಅಂದ್ರ ಎರಡು ಗೇರಿನ ವೇಗ ಸಮ ಮಾಡೋ ಉಂಗುರ ಇರೋದಿಲ್ಲ. ಓಡ್ತಿರೋವಾಗ ಇಳಿಸಾಕ ಹೋದ್ರ ಕರಕರ ಅಂತೈತಿ. ಅದಕ್ಕ ಲಿವರಿಗೆ ಪೈಪ್ ಕೂಡಿಸಿ ವೆಲ್ಡಿಂಗ್ ಮಾಡಿ ಉದ್ದ ಮಾಡ್ಸವ್ರೂ ಅದಾರ. ಉದ್ದ ಆದ್ರ ಬಲ ಬರ್ತೈತಿ, ಖರೆ. ಆದ್ರ ಆ ಬಲ ಹಲ್ಲು ತಿಂತೈತಿ, ಫೋರ್ಕ್ ಬಗ್ಗಿಸ್ತೈತಿ. ಲಿವರ್ ಬುಡದ ಬುಶ್ ಸವೆದಿದ್ರ ಬದಲಿಸ್ರಿ, ಗೇರ್ ಆಯಿಲ್ ಮಟ್ಟ ನೋಡ್ರಿ, ಕ್ಲಚ್ ಪೆಡಲಿನ ಸಡಿಲ ಕಂಪನಿ ಪುಸ್ತಕದಾಗ ಬರೆದಷ್ಟ ಇಡ್ರಿ. ಅದು ರಿಪೇರಿ. ಕಡಿಯೋದು, ಬೆಸೆಯೋದು ರಿಪೇರಿ ಅಲ್ಲ.

ಇಷ್ಟು ಯಾಕ ಬರದೆ ಅಂದ್ರ, ನಮ್ಮ ನವಲಗುಂದದ್ದು ಬಯಲು ಎರಿ ಭೂಮಿ. ಬೆಣ್ಣಿಹಳ್ಳದ ದಂಡಿಗೆ ಇಳಿಯೋದು ಬಿಟ್ರ ದೊಡ್ಡ ಇಳಕಲು ನಮ್ಮ ಹುಡುಗರು ಕಂಡಿಲ್ಲ. ಅವರ ಕಲಘಟಗಿ ಕಡೆ ಕಬ್ಬಿನ ಹಂಗಾಮಿಗೆ ಹೋಗಿ ಹಳಿಯಾಳದ ಕಾರ್ಖಾನಿಗೆ ಟ್ರೇಲರ್ ಹೊಡೀತಾರ. ಕಾರಿನವರು ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾಕ್ಕ ಹೊಕ್ಕಾರ. ಘಾಟಿನಾಗ ಕಾರನ್ನ ಬರೇ ಡ್ರೈವ್‌ನಾಗ ಬಿಟ್ಟು ಬ್ರೇಕಿನ ಮ್ಯಾಲ ಕೂತ್ರ ಬ್ರೇಕ್ ಕಾದು ಹಿಡಿತ ತಪ್ಪತೈತಿ. ಮ್ಯಾನುವಲ್ ಕೊಟ್ಟಿರೋದು ಇಂಥಾ ಜಾಗಕ್ಕ. ಇಳಕಲು ಶುರು ಆಗೋ ಮೊದಲ ಎರಡನೇದಕ್ಕ ತರ್ರಿ.

ಟ್ರೇಲರಿನ ಮಾತು ಇನ್ನೂ ಗಟ್ಟಿ. ಬಹಳ ಟ್ರೇಲರಿಗೆ ತಮ್ಮದ ಬ್ರೇಕ್ ಇರೋದಿಲ್ಲ. ನಡು ಇಳಕಲಿನಾಗ ಗೇರ್ ಇಳಿಸಾಕ ಹೋಗಿ ಹಲ್ಲು ಕೂಡಲಿಲ್ಲ ಅಂದ್ರ ಗಾಡಿ ನ್ಯೂಟ್ರಲ್. ಎಂಜಿನ್ ಹಿಡಿತ ಹೋಯ್ತು, ಹಿಂದಿನ ಲೋಡು ಟ್ರ್ಯಾಕ್ಟರ್ ನೂಕಾಕ ಶುರು. ಏರಾಕ ಯಾವ ಗೇರ್ ಬೇಕೋ ಅದರಾಗ ಇಳೀಬೇಕು, ಅದನ್ನ ನೆತ್ತಿ ಮ್ಯಾಲೆ ನಿಲ್ಲಿಸಿ ಹಾಕ್ಬೇಕು. ಎಡ-ಬಲ ಬ್ರೇಕ್ ಪೆಡಲ್ ಎರಡೂ ಕೂಡಿಸಿ ಕೊಂಡಿ ಹಾಕ್ರಿ. ಒಂದ ತುಳಿದ್ರ ಟ್ರ್ಯಾಕ್ಟರ್ ಒಂದ ಕಡೆ ಎಳದು ಮಗಚತೈತಿ.

ನ್ಯೂಟ್ರಲ್ ಹಾಕಿ ಇಳಿದ್ರ ಡೀಸೆಲ್ ಉಳಿತೈತಿ ಅನ್ನವ್ರಿಗೆ ಒಂದ ಮಾತು. ಗೇರಿನಾಗ ಇದ್ದು ಎಕ್ಸಿಲರೇಟರ್ ಪೂರಾ ಬಿಟ್ಟು ಇಳಿದ್ರ ಗಾಲಿನ ಎಂಜಿನ್ ತಿರಗಸ್ತಾವು, ಗವರ್ನರ್ ಡೀಸೆಲ್ ನಿಲ್ಲಿಸ್ತೈತಿ. ನ್ಯೂಟ್ರಲ್‌ನಾಗ ಎಂಜಿನ್ ಜೀವಂತ ಇಡಾಕ ಡೀಸೆಲ್ ಹೋಗ್ತಾನ ಇರತೈತಿ. ಉಳಿಯೋದು ಏನೂ ಇಲ್ಲ, ಹೋಗೋದು ಜೀವ.

ಲಿವರಿಗೆ ಇಟ್ಟ ರೊಕ್ಕ ಇದ್ರ ಬ್ರೇಕ್ ಶೂಗೆ ಹಾಕ್ರಿ, ಟ್ರೇಲರಿಗೆ ಬ್ರೇಕ್ ಕೂಡಿಸ್ರಿ. ಡ್ರೈವರಿಕಿ ಮಾಡೋ ತಮ್ಮಗೋಳಿಗೆ ಇದನ್ನ ಓದಿ ಹೇಳ್ರಿ. ಹಂಗಾಮು ಮುಗಿಸಿ ಎಲ್ಲಾರೂ ಸುಖರೂಪ ಮನಿ ಮುಟ್ಟಲಿ.