ಗ್ಯಾರೇಜಿಗೆ ತಾತ್ಕಾಲಿಕ ದೀಪ: ಎಲ್‌ಇಡಿ ಹಾಕಿದರೆ ಬೆಂಕಿಯ ಭಯವೇ ಇಲ್ಲವೇ?

ಮನೆ ಪಕ್ಕದ ಶೆಡ್ಡಿರಲಿ, ರಸ್ತೆ ಬದಿಯ ಬೈಕ್ ಗ್ಯಾರೇಜಿರಲಿ, ರಾತ್ರಿ ಕೆಲಸಕ್ಕೆ ನಾವು ಮಾಡುವ ವ್ಯವಸ್ಥೆ ಒಂದೇ: ಉದ್ದನೆಯ ವೈರು, ತುದಿಯಲ್ಲೊಂದು ಹೋಲ್ಡರ್, ಅದಕ್ಕೊಂದು ಬಲ್ಬು. ನಾಲ್ಕು ದಿನದ ಕೆಲಸಕ್ಕೆ ಯಾವ ಬಲ್ಬಾದರೇನು ಎಂದುಕೊಳ್ಳುತ್ತೇವೆ. ಜೊತೆಗೆ, "ಎಲ್‌ಇಡಿ ಬಿಸಿಯಾಗುವುದಿಲ್ಲ, ಪೆಟ್ರೋಲ್ ಪಕ್ಕ ಇಟ್ಟರೂ ಏನೂ ಆಗದು" ಎಂಬ ನಂಬಿಕೆ ಬೇರೆ. ಇದರಲ್ಲಿ ಅರ್ಧ ಮಾತ್ರ ನಿಜ.

ನಿಜ ಏನು?

ಹಳೆಯ ಬುರುಡೆ ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅದು ತಿನ್ನುವ ವಿದ್ಯುತ್ತಿನಲ್ಲಿ ಶೇ. 90ಕ್ಕೂ ಹೆಚ್ಚು ಬೆಳಕಾಗದೆ ಶಾಖವಾಗುತ್ತದೆ. ಬಿಸಿ ಗಾಜಿನ ಮೇಲೆ ಪೆಟ್ರೋಲ್ ಅಥವಾ ನೀರು ಸಿಡಿದರೆ ಗಾಜು ಒಡೆಯಬಹುದು. ಆಗ ಕೆಂಡದಂಥ ತಂತಿ ನೇರವಾಗಿ ಪೆಟ್ರೋಲ್ ಆವಿಗೆ ತಾಗುತ್ತದೆ. ಹ್ಯಾಲೊಜೆನ್ ದೀಪದ ಹೊರಮೈ ಇನ್ನೂ ಹೆಚ್ಚು ಕಾಯುತ್ತದೆ. ಸಿಎಫ್ಎಲ್ ಅಷ್ಟು ಕಾಯದಿದ್ದರೂ ಗಾಜಿನದು, ಒಳಗೆ ಸ್ವಲ್ಪ ಪಾದರಸವಿದೆ. ಕೈತಪ್ಪಿ ಬೀಳುವ ಜಾಗಕ್ಕೆ ಅದೂ ಸಲ್ಲದು.

ಸುಮಾರು 9 ವಾಟ್‌ನ ಎಲ್‌ಇಡಿ, 60 ವಾಟ್‌ನ ಬುರುಡೆ ಬಲ್ಬಿನಷ್ಟೇ ಬೆಳಕು ಕೊಡುತ್ತದೆ. ಹೆಚ್ಚಿನವಕ್ಕೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಬಿದ್ದರೂ ಸುಲಭವಾಗಿ ಒಡೆಯದು. ಬುಡ ಬಿಸಿಯಾಗುತ್ತದೆ, ಆದರೆ ಹಳೆಯ ಬಲ್ಬಿನಷ್ಟಲ್ಲ. ಹಾಗಾಗಿ ಗ್ಯಾರೇಜಿಗೆ ಎಲ್‌ಇಡಿಯೇ ಸರಿ.

ತಪ್ಪು ಎಲ್ಲಿದೆ?

ಬೆಂಕಿ ಹೊತ್ತಲು ಬಿಸಿ ಬಲ್ಬೇ ಬೇಕಿಲ್ಲ, ಒಂದು ಕಿಡಿ ಸಾಕು. ಸ್ವಿಚ್ ಒತ್ತುವಾಗ, ಪ್ಲಗ್ ಕೀಳುವಾಗ, ಸಡಿಲ ಹೋಲ್ಡರ್ ಅಲುಗಿದಾಗ, ಟೇಪ್ ಸುತ್ತಿದ ಜಾಯಿಂಟ್ ಬಿಚ್ಚಿಕೊಂಡಾಗ ಕಿಡಿ ಹಾರುತ್ತದೆ. ಬಲ್ಬು ಬದಲಿಸಿದರೆ ಇದು ನಿಲ್ಲುವುದಿಲ್ಲ. ಪೆಟ್ರೋಲ್ ನಮ್ಮ ಚಳಿಗಾಲದಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದಲ್ಲಿ, ಗುಂಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ನೆಲದ ಮೇಲೆ ಬಿದ್ದಿರುವ ಎಕ್ಸ್‌ಟೆನ್ಶನ್ ಬೋರ್ಡೇ ಬಲ್ಬಿಗಿಂತ ದೊಡ್ಡ ಅಪಾಯ. ಟ್ಯಾಂಕ್ ಖಾಲಿ ಮಾಡುವಂಥ ಕೆಲಸವನ್ನು ಹಗಲಿನಲ್ಲಿ, ಬಯಲಿನಲ್ಲಿ ಮಾಡಬೇಕು.

ಇನ್ನೊಂದು ಅಪಾಯ ಶಾಕ್. ಒದ್ದೆ ನೆಲ, ಕಬ್ಬಿಣದ ವಾಹನ, ಕೈಯಲ್ಲಿ 230 ವೋಲ್ಟ್‌ನ ವೈರು. ಎಲ್‌ಇಡಿ ಇದ್ದರೂ ಈ 230 ವೋಲ್ಟ್ ಕಡಿಮೆಯಾಗುವುದಿಲ್ಲ. ಮನೆಯ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ, ಕರೆಂಟ್ ದೇಹದ ಮೂಲಕ ನೆಲಕ್ಕೆ ಸೋರುತ್ತಿದ್ದಂತೆ ಲೈನ್ ಕಡಿದುಹಾಕುತ್ತದೆ. ವಾಹನದ ಕೆಳಗೆ ನುಗ್ಗಿ ಮಾಡುವ ಕೆಲಸಕ್ಕಂತೂ ಚಾರ್ಜ್ ಮಾಡುವ ಎಲ್‌ಇಡಿ ಲೈಟೇ ಒಳ್ಳೆಯದು.

ಕೊಳ್ಳುವಾಗ ಏನು ನೋಡಬೇಕು?

• ವಾಟ್ ಅಲ್ಲ, ಲ್ಯೂಮೆನ್ ನೋಡಿ. ವಾಟ್ ಎಂದರೆ ಬಲ್ಬು ಬಳಸುವ ವಿದ್ಯುತ್, ಲ್ಯೂಮೆನ್ ಎಂದರೆ ಕೊಡುವ ಬೆಳಕು.
• ವೈರುಗಳ ಬಣ್ಣ ಸರಿಯಾಗಿ ಗುರುತಿಸಲು ಸಿಆರ್‌ಐ 80ಕ್ಕಿಂತ ಹೆಚ್ಚಿರಲಿ.
• ಒಂದೇ ದೊಡ್ಡ ದೀಪಕ್ಕಿಂತ ಎರಡು ಕಡೆಯಿಂದ ಎರಡು ದೀಪ ಇಟ್ಟರೆ ನೆರಳು ಕಡಿಮೆ.
• ಬಲ್ಬಿನ ಕಡೆ ಫೋನ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಆ ಬಲ್ಬು ಮಿನುಗುತ್ತಿದೆ ಎಂದರ್ಥ. ಅಂಥ ಬೆಳಕಿನಲ್ಲಿ ತಿರುಗುವ ಗ್ರೈಂಡರ್ ಚಕ್ರ ನಿಂತಂತೆ ಕಾಣಬಹುದು, ಬೆರಳಿಗೆ ಅಪಾಯ.

"ಎಲ್‌ಇಡಿ ಹಾಕಿ, ಸುರಕ್ಷಿತವಾಗಿರಿ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಿ, ಪರವಾಗಿಲ್ಲ. ಆದರೆ ಜೊತೆಗೊಂದು ಸಾಲು ಸೇರಿಸಿ: ಸ್ವಿಚ್ಚು ಮತ್ತು ಪ್ಲಗ್ಗು ಪೆಟ್ರೋಲಿನಿಂದ ದೂರ, ನೆಲದಿಂದ ಎತ್ತರದಲ್ಲಿರಲಿ.