ಹಿಂಗಾರಿಯ ನಾಡಿನಲ್ಲಿ ಮಿಶನ್ ಶಾಲೆಯ ಶರತ್ಕಾಲ

ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ‘ಆಟಮ್’ ಎಂಬ ಋತು ಬಂದೊಡನೆ ಮರಗಳ ಎಲೆ ಹಳದಿಯಾಗಿ, ಕೆಂಪಾಗಿ ಉದುರತೊಡಗುತ್ತವೆ. ಪಕ್ಕದಲ್ಲಿ ಸೇಬಿನ ಬುಟ್ಟಿ, ದಪ್ಪ ಕುಂಬಳಕಾಯಿ, ಗೋಧಿಯ ಸಿವುಡಿನ ಚಿತ್ರ. ವಿಜಯಪುರದ ಹುಡುಗನೊಬ್ಬ ಆ ಪಾಠವನ್ನು ಬಾಯಿಪಾಠ ಮಾಡಿ ಕಿಟಕಿಯಾಚೆ ನೋಡಿದರೆ ಅಕ್ಟೋಬರಿನ ಬೇವಿನಮರ ಹಸಿರಾಗಿಯೇ ನಿಂತಿರುತ್ತದೆ. ಅದು ಎಲೆ ಉದುರಿಸುವುದು ಫೆಬ್ರುವರಿ-ಮಾರ್ಚಿನಲ್ಲಿ. ಪಠ್ಯಪುಸ್ತಕ ಸುಳ್ಳು ಹೇಳುತ್ತಿಲ್ಲ. ಚಳಿ ದೇಶದ ಮರಕ್ಕೆ ಹಗಲು ಮೊಟಕಾಗುವುದು, ಥಂಡಿ ಏರುವುದು ಎಲೆ ಕಳಚುವ ಸೂಚನೆ. ಬಯಲುಸೀಮೆಯ ಮರಕ್ಕೆ ನೆಲದ ನೀರು ತೀರುತ್ತ ಬಂದುದೇ ಸೂಚನೆ. ಸೂಚನೆ ಬೇರೆಯಾದ್ದರಿಂದ ತಿಂಗಳೂ ಬೇರೆ.

ಕ್ರೈಸ್ತ ಮಿಶನರಿಗಳು ಇಲ್ಲಿ ಶಾಲೆಗಳನ್ನು ತೆರೆದಾಗ ಈ ವ್ಯತ್ಯಾಸ ಬರಿಯ ಸಸ್ಯಶಾಸ್ತ್ರದ ಮಾತಾಗಿ ಉಳಿಯಲಿಲ್ಲ. ಶಾಲೆಯ ಜೊತೆಗೆ ಒಂದು ಪಂಚಾಂಗವೂ ಹಡಗು ಹತ್ತಿ ಬಂತು. ಜರ್ಮನಿಯಲ್ಲಿ ಅಕ್ಟೋಬರಿನ ಮೊದಲ ಭಾನುವಾರದ ಸುಮಾರಿಗೆ ಸುಗ್ಗಿಯ ಕೃತಜ್ಞತಾ ಹಬ್ಬ. ಕಾಳು ಕಣಜ ಸೇರಿರುತ್ತದೆ, ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಊರಿನವರು ಬೆಳೆದದ್ದರಲ್ಲಿ ಒಂದು ಪಾಲನ್ನು ಚರ್ಚಿಗೆ ತಂದು ಒಪ್ಪಿಸುತ್ತಾರೆ. ಮುಂದೆ ಚಳಿಗಾಲ, ಕ್ರಿಸ್ಮಸ್, ಓದು. ಅಲ್ಲಿನ ಬದುಕಿಗೆ ಈ ಸಾಲು ಹೇಳಿ ಮಾಡಿಸಿದಂತಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1885ರಲ್ಲಿ ವಿಜಯಪುರಕ್ಕೆ ಬಂತು. ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ವಿಜಯಪುರಕ್ಕೆ ಬದಲಾದದ್ದೂ ಅದೇ ವರ್ಷ. ಬಂದ ಮಿಶನರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇಂದಿಗೂ ದ್ರಾಕ್ಷಿ ತೋಟಗಳ ಊರು.

ಇವರಲ್ಲಿ ಕೆಲವರು ಓದಿ ಬಂದ ಶಾಲೆಗಳಿಗೆ ಅಲ್ಲಿ ‘ಗಿಮ್ನಾಸಿಯಂ’ ಎಂದು ಹೆಸರು. ಹೆಸರು ಕೇಳಿ ಇದು ಗರಡಿಮನೆಯೆಂದು ಯಾರೂ ಭಾವಿಸಬಾರದು! ಗ್ರೀಕ್, ಲ್ಯಾಟಿನ್‌ಗಳಂಥ ಪ್ರಾಚೀನ ಭಾಷೆಗಳ ಮೇಲೆ ನಿಂತ ಅಭಿಜಾತ ಶಿಕ್ಷಣದ ಶಾಲೆ ಅದು. ಮೊದಲು ವ್ಯಾಕರಣ, ಆಮೇಲೆ ತರ್ಕ, ಆಮೇಲೆ ಚೆನ್ನಾಗಿ ಮಾತಾಡುವ, ಬರೆಯುವ ಕಲೆ. ಉತ್ತರ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಇಂಥ ಶಾಲೆಯಲ್ಲಿ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತವರು. 1853ರಲ್ಲಿ ಕನ್ನಡ ನಾಡಿಗೆ ಬಂದ ಅವರು ಆ ಶಿಸ್ತನ್ನು ಇಲ್ಲಿನ ಭಾಷೆಗೆ ತಿರುಗಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಹಳಗನ್ನಡ ಕಾವ್ಯದ ಪ್ರಯೋಗಗಳ ಪಕ್ಕದಲ್ಲೇ ಒಕ್ಕಲಿಗರ, ಹೆಂಗಸರ ಗಾದೆಗಳು ಕೂತಿವೆ. ಗ್ರೀಕ್ ಓದಿದ ಮನುಷ್ಯ ಹೊಲದ ಮಾತನ್ನು ಕೀಳೆಂದು ಬಿಡಲಿಲ್ಲ. ಅಭಿಜಾತ ಶಿಕ್ಷಣವೆಂದರೆ ಇದೇ ಹೊರತು ಸತ್ತ ಭಾಷೆಯ ರೂಪಗಳನ್ನು ಉರುಹೊಡೆಯುವುದಲ್ಲ.

ವಿಜಯಪುರದವರಿಗೆ ಇದೇ ಬಗೆಯ ಇನ್ನೊಂದು ಉದಾಹರಣೆ ಮನೆಯಲ್ಲೇ ಇದೆ. ಮುಂಬಯಿಯಲ್ಲಿ ಜೆಸ್ವಿಟ್ ಪಾದ್ರಿಗಳು ನಡೆಸುತ್ತಿದ್ದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಕಲಿತು, ವಕೀಲರಾಗಿ ಇಲ್ಲಿಗೆ ಬಂದ ಫ.ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅದಕ್ಕೂ ಮೊದಲೇ, 1910ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತ್ತು.

ಇನ್ನು ಅಕ್ಟೋಬರಿನ ಹೊಲಕ್ಕೆ ಬರೋಣ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್; ಅದರಲ್ಲಿ ಸಪ್ಟೆಂಬರಿನದೇ ದೊಡ್ಡ ಪಾಲು. ಉತ್ತರಿ, ಹಸ್ತ ಮಳೆ ಬಿದ್ದು ಎರಿ ಹೊಲ ನೀರು ಕುಡಿದ ಮೇಲೆ ಬಿಳಿಜೋಳ, ಕಡಲೆ, ಕುಸುಬೆಯ ಬಿತ್ತಿಗೆ. ಹೆಸರು, ಸಜ್ಜೆಯಂಥ ಮುಂಗಾರಿ ಪೀಕು ಆ ಹೊತ್ತಿಗೆ ಮನೆ ಸೇರಿರಬಹುದು. ಆದರೆ ವರ್ಷದ ರೊಟ್ಟಿ ನಿಂತಿರುವುದು ಹಿಂಗಾರಿಯ ಮೇಲೆ, ಅದರ ಕೊಯ್ಲು ಫೆಬ್ರುವರಿಯಿಂದ ಆಚೆಗೆ. ಜರ್ಮನಿಯ ಒಕ್ಕಲಿಗ ದೇವರಿಗೆ ಧನ್ಯವಾದ ಹೇಳುವ ವಾರದಲ್ಲಿ ಇಲ್ಲಿನ ಒಕ್ಕಲಿಗ ಕೂರಿಗೆ ಹಿಡಿದು ಮುಗಿಲು ನೋಡುತ್ತಿರುತ್ತಾನೆ.

ಟಿಕೋಟಾ ಸೀಮೆಯ ದ್ರಾಕ್ಷಿಯ ಕಥೆ ಇನ್ನೂ ಸ್ವಾರಸ್ಯದ್ದು. ದ್ರಾಕ್ಷಿ ಹುಟ್ಟಿನಿಂದ ಥಂಡಿ ಪ್ರದೇಶದ ಬಳ್ಳಿ. ಯುರೋಪಿನಲ್ಲಿ ಅದು ಶರತ್ಕಾಲದಲ್ಲಿ ಹಣ್ಣು ಕೊಟ್ಟು, ಎಲೆ ಉದುರಿಸಿ, ಚಳಿಗಾಲವಿಡೀ ಮಲಗುತ್ತದೆ. ಚಳಿಯೇ ಅದರ ಮೊಗ್ಗಿನ ನಿದ್ದೆಯನ್ನು ಮುಗಿಸುತ್ತದೆ. ಟಿಕೋಟಾದಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಬಳ್ಳಿ ತಾನಾಗಿ ಮಲಗುವುದೂ ಇಲ್ಲ, ಒಟ್ಟಿಗೆ ಏಳುವುದೂ ಇಲ್ಲ. ಅದಕ್ಕೆ ರೈತ ಕತ್ತರಿ ಹಿಡಿಯುತ್ತಾನೆ. ಏಪ್ರಿಲ್ ಸುಮಾರಿಗೆ ಒಂದು ಚಾಟಣಿ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಇನ್ನೊಂದು ಚಾಟಣಿ. ಪಠ್ಯಪುಸ್ತಕದ ಎಲೆ ಉದುರುವ ಋತುವನ್ನು ಇಲ್ಲಿ ಮನುಷ್ಯನೇ ಕೈಯಾರೆ ಮಾಡುತ್ತಾನೆ ಎನ್ನಬಹುದು. ಹಣ್ಣು ಬರುವುದು ಜೋಳದ ಜೊತೆಗೆ, ಫೆಬ್ರುವರಿ-ಮಾರ್ಚಿನಲ್ಲಿ. ಒಣದ್ರಾಕ್ಷಿಯ ಶೆಡ್ಡುಗಳು ತುಂಬುವುದೂ ಆಗಲೇ. ಬಳ್ಳಿ ಬದುಕಿದ್ದು ಹೊಸ ಪಂಚಾಂಗ ಕಲಿತದ್ದರಿಂದ. ಅದೇ ಚಳಿ ನಾಡಿನಿಂದ ಬಂದ ಶಾಲೆಗೂ ಈ ಮಾತು ಸಲ್ಲುತ್ತದೆ.

ಇಲ್ಲಿ ತಂದೆತಾಯಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಚಾಟಣಿಯಾದ ಮೇಲೆ ಮೊಗ್ಗುಗಳು ಒಮ್ಮೆಲೇ ಒಡೆಯಲೆಂದು ಕಡ್ಡಿಗಳಿಗೆ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಹಚ್ಚುತ್ತಾರೆ. ಅದು ಚರ್ಮವನ್ನು, ಕಣ್ಣನ್ನು ಸುಡುವಂಥದು. ಹಚ್ಚಿದವನು ಆ ದಿನಗಳಲ್ಲಿ ಮದ್ಯ ಕುಡಿದರಂತೂ ಮೈ ಕೆಂಪೇರಿ, ಎದೆ ಬಡಿತ ಹೆಚ್ಚಿ, ಉಸಿರು ಕಟ್ಟುವ ಸ್ಥಿತಿ ಬರಬಹುದು. ದಸರಾ ರಜೆ ಸರಿಯಾಗಿ ಇದೇ ಹೊತ್ತಿಗೆ ಬೀಳುತ್ತದೆ. ಆಳಿನ ಕೂಲಿ ಉಳಿಯಲೆಂದು ಹುಡುಗರ ಕೈಗೆ ಬಕೆಟ್ ಕೊಡುವುದು ಸುಲಭ. ಹಾಗೆ ಕೊಡಬಾರದು. ಕೈಚೀಲವಿದೆಯಲ್ಲ ಎಂಬ ಸಮಾಧಾನವೂ ಮಕ್ಕಳ ವಿಷಯದಲ್ಲಿ ಸಾಲದು. ಕತ್ತರಿಸಿದ ಕಡ್ಡಿ ಆರಿಸುವ ಕೆಲಸವನ್ನು ಔಷಧಿ ಹಚ್ಚುವ ಮೊದಲೇ ಮುಗಿಸಿದರೆ ಆ ಸಾಲುಗಳ ಕಡೆಗೆ ಮಕ್ಕಳು ಮತ್ತೆ ಹೋಗಬೇಕಾಗಿಯೇ ಇಲ್ಲ.

ರಜೆಯ ಮಾತು ಬಂದಿತು. ಕ್ರಿಸ್ಮಸ್ಸಿಗೆ ಹೆಚ್ಚು ದಿನ ಬೇಕೆನ್ನುವ ಸಂಸ್ಥೆಗಳು ದಸರಾ ರಜೆಯನ್ನು ಮೊಟಕು ಮಾಡಿ ಹೊಂದಿಸಿಕೊಳ್ಳಲು ಶಿಕ್ಷಣ ಇಲಾಖೆ ಅವಕಾಶ ಕೊಡುತ್ತ ಬಂದಿದೆ. ಕೇಳುವುದು ಅವರ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ನಗರದ ಕ್ರೈಸ್ತ ಶಾಲೆಗೆ ಟಿಕೋಟಾ, ಬಬಲೇಶ್ವರದ ಕಡೆಯಿಂದ ಬಸ್ಸಿನಲ್ಲಿ ಬರುವ ಮಗುವಿನ ಮನೆಯಲ್ಲಿ ಅಕ್ಟೋಬರಿನ ಒಂದು ವಾರವೂ ಡಿಸೆಂಬರಿನ ಒಂದು ವಾರವೂ ಒಂದೇ ತೂಕದವಲ್ಲ. ಡಿಸೆಂಬರಿನಲ್ಲಿ ಜೋಳ ತನ್ನಷ್ಟಕ್ಕೆ ನಿಂತಿರುತ್ತದೆ. ಅಕ್ಟೋಬರಿನಲ್ಲಿ ಹದ ಎರಡು ದಿನ ತಪ್ಪಿದರೆ ಬಿತ್ತಿಗೆಯೇ ಕೆಟ್ಟಂತೆ. ‘ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು’ ಎಂಬ ಗಾದೆ ಹಾಜರಿ ಪುಸ್ತಕವನ್ನು ನೋಡಿ ಹುಟ್ಟಿದ್ದಲ್ಲ. ಶಾಲೆ ತೆರೆದಿದ್ದರೂ ಆ ಮಗುವಿನ ಬೆಂಚು ಖಾಲಿಯೇ ಇರುತ್ತದೆ. ಖಾಲಿ ಬೆಂಚಿಗೆ ದಂಡ ಹಾಕುವುದು ಜಾಣತನವಲ್ಲ. ದಿನ ಕಡಿತ ಮಾಡಲೇಬೇಕೆಂದಿದ್ದರೆ, ಉಳಿದ ಆ ದಿನಗಳಲ್ಲಿ ತರಗತಿಯೇ ಹೊಲಕ್ಕೆ ಹೋಗಲಿ.

ಪಾಲಕರದೂ ಒಂದು ತಕರಾರು ಇದೆ. “ಫೀ ಕೊಟ್ಟು ಕಳಿಸೋದು ಇಂಗ್ಲಿಷ್ ಕಲೀಲಿ ಅಂತ, ಹೊಲಾ ನೋಡಾಕ ಅಲ್ರೀ” ಎನ್ನುವವರಿದ್ದಾರೆ. ಹೊಲದಲ್ಲಿ ಬೆನ್ನು ಬಾಗಿಸಿದವರೇ ಹೀಗೆನ್ನುವುದು ಹೆಚ್ಚು. ಅವರ ಆತಂಕ ಸುಳ್ಳಲ್ಲ. ತಾವು ಪಟ್ಟ ಪಾಡು ಮಗನಿಗೆ ಬೇಡವೆಂಬ ಆಸೆ ಅದರ ಹಿಂದಿದೆ. ಆದರೆ ನೋಡುವುದು, ಅಳೆಯುವುದು, ಹೆಸರಿಡುವುದು, ಬರೆದಿಡುವುದು ಇವು ಕೂಲಿಯಲ್ಲ. ಯಾವ ದೊಡ್ಡ ಪ್ರಯೋಗಾಲಯದಲ್ಲಿಯೂ ನಡೆಯುವ ಕೆಲಸ ಇದೇ.

ಒಂದು ಸಲಿಕೆ, ಒಂದು ತಕ್ಕಡಿ ಇದ್ದರೆ ಸಾಕು. ಹಸ್ತ ಮಳೆ ನಿಂತ ಮೇಲೆ ವಾರಕ್ಕೊಮ್ಮೆ ಹೊಲದ ಒಂದೇ ಜಾಗದ ಆಸುಪಾಸಿನಲ್ಲಿ 15 ಸೆಂಟಿಮೀಟರ್ ಆಳದ ಮಣ್ಣು, 60 ಸೆಂಟಿಮೀಟರ್ ಆಳದ ಮಣ್ಣು ತೆಗೆದು ತೂಗಬೇಕು. ಬಿಸಿಲಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಕಳೆದುಹೋದ ತೂಕವೇ ನೀರು. ಮೇಲಿನ ಮಣ್ಣು ಬೇಗ ಒಣಗುತ್ತ ಹೋದರೂ ಆಳದ ಮಣ್ಣು ತಂಪು ಹಿಡಿದುಕೊಂಡಿರುವುದು ಅಂಕಿಗಳಲ್ಲೇ ಕಾಣುತ್ತದೆ. ಎರಿ ಮಣ್ಣಿನ ಅತಿ ಸಣ್ಣ ಜೇಡಿಕಣಗಳು ನೀರನ್ನು ಬಿಗಿಹಿಡಿಯುತ್ತವೆ. ಹಿಂಗಾರಿ ಜೋಳ ಮಳೆಯಿಲ್ಲದೆ ತೆನೆ ಹಾಕುವುದು ಆ ಠೇವಣಿಯಿಂದ. ನೆಲ ಬಿರುಕು ಬಿಟ್ಟಾಗ ಎಡೆ ಹೊಡೆಯುವುದೇಕೆ ಎಂದು ಅಪ್ಪನನ್ನೋ ಅಜ್ಜನನ್ನೋ ಕೇಳಬೇಕು. ಬಿರುಕಿನ ಬಾಯಿ ಮುಚ್ಚಿದರೆ ಆವಿ ಹೋಗುವ ದಾರಿ ಮುಚ್ಚಿತು, ಅಷ್ಟೇ.

‘ಹಸ್ತ ಮಳೆ’ ಎಂದರೇನೆಂದು ಕೇಳಿದರೆ ಎಷ್ಟೋ ಮಕ್ಕಳು ಆ ನಕ್ಷತ್ರ ರಾತ್ರಿ ಕಾಣುವ ಕಾಲವೆಂದು ಉತ್ತರಿಸುತ್ತಾರೆ. ನಿಜ ಸಂಗತಿ ಉಲ್ಟಾ. ಆಗ ಸೂರ್ಯನೇ ಹಸ್ತದ ನೆರೆಯಲ್ಲಿರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಆಕಾಶದ 360 ಅಂಶಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದಕ್ಕೆ ಹದಿಮೂರೂ ಚಿಲ್ಲರೆ. ಸೂರ್ಯ ಅದನ್ನು ದಾಟಲು ಹದಿಮೂರು-ಹದಿನಾಲ್ಕು ದಿನ. ಆದ್ದರಿಂದಲೇ ಒಂದೊಂದು ಮಳೆಗೂ ಎರಡು ವಾರದ ಸರದಿ.

ಇದರ ಜೊತೆಗೆ ಒಂದು ಶಬ್ದಗಳ ವಹಿ. ಕೂರಿಗೆ, ಕುಂಟೆ, ರಂಟೆ, ಹಂತಿ, ಮೇಟಿ. ಟ್ರ್ಯಾಕ್ಟರ್ ಬಂದ ಮೇಲೆ ವಸ್ತುಗಳು ಅಟ್ಟ ಸೇರಿದವು, ಹೆಸರುಗಳು ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದಿವೆ. ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಹತ್ತು ಮನೆಗಳಿಗೆ ಹೋಗಿ, ಒಂದೊಂದು ಭಾಗದ ಹೆಸರು ಕೇಳಿ, ಚಿತ್ರ ಬರೆದು, ಅದರ ಮೇಲಿನ ಗಾದೆ ಸೇರಿಸಿದರೆ ಅದು ಕಿಟೆಲ್ಲರು ಮಾಡಿದ ಕೆಲಸದ ಮುಂದುವರಿಕೆಯೇ. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಂತೂ ಇದು ಇನ್ನೂ ತುರ್ತಿನದು. ಇನ್ನು ಇಪ್ಪತ್ತು ವರ್ಷಕ್ಕೆ ಕೇಳಲು ಯಾರೂ ಇರುವುದಿಲ್ಲ.

ಶಾಲೆಯ ಸುತ್ತಲಿನ ಊರು ಈ ಕೆಲಸಕ್ಕೆ ಬೆನ್ನಿಗಿರಬೇಕು. ಇದೇನು ಹೊಸ ಬೇಡಿಕೆಯಲ್ಲ. ಇದೇ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರಿನವರು ಮದುವೆಗೆ 5, ಮುಂಜಿಗೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯ ಶಾಲೆಗೆ ಕೊಡಬೇಕು. ಊಟ ಹಾಕಿಸುವವರು ಶಾಲೆಯವರನ್ನು ಆದಷ್ಟು ಕರೆಯಬೇಕು. ಅದು ವೇದಾಧ್ಯಯನದ ಶಾಲೆ, ಎಲ್ಲ ಮಕ್ಕಳಿಗೂ ತೆರೆದದ್ದಾಗಿರಲಿಲ್ಲ ಎಂಬುದನ್ನು ಮರೆಯಬೇಕಾಗಿಲ್ಲ. ಮದುವೆ ಚಪ್ಪರದಲ್ಲಿ ಶಾಲೆಯ ನೆನಪಾಗುತ್ತಿದ್ದ ಆ ಏರ್ಪಾಡು ಮಾತ್ರ ಈಗಲೂ ಮೆಚ್ಚತಕ್ಕದ್ದು.

ಈಗಿನ ಶರತ್ಕಾಲದಲ್ಲಿ ಊರು ಮತ್ತು ಶಾಲೆ ಕೂಡುವ ದಿನಗಳಿಗೆ ಕೊರತೆಯಿಲ್ಲ. ಗಾಂಧಿ ಜಯಂತಿಯ ಸ್ವಚ್ಛತೆಯಿಂದ ಹಿಡಿದು ನವೆಂಬರ್ 14ರ ಮಕ್ಕಳ ದಿನಾಚರಣೆಯವರೆಗೆ ಸಾಲುಸಾಲು. ನವೆಂಬರ್ 1 ಈ ಊರಿಗೆ ಇನ್ನೂ ಒಂದು ಕಾರಣಕ್ಕೆ ವಿಶೇಷ: 2014ರ ಅದೇ ದಿನ ಬಿಜಾಪುರ ಎಂಬ ಹೆಸರು ಅಧಿಕೃತವಾಗಿ ವಿಜಯಪುರವಾಯಿತು. ವಿಜಯದಶಮಿಯಂದು ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ’ ಎಂದು ಎಲೆ ಕೊಡುವ ಕೈ ಎದುರಿನವರ ಜಾತಿ-ಧರ್ಮ ಕೇಳುವುದಿಲ್ಲ. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆಗಳಲ್ಲಿ ಪೀಕನ್ನು ಬಸುರಿಯೆಂದೇ ಕಾಣುತ್ತಾರೆ; ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಅವಳ ಬಯಕೆಯ ಊಟ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಳು, ಕಾಯಿಪಲ್ಯ, ತೆಂಗಿನಕಾಯಿ, ಕೋಳಿಯನ್ನು ಒಪ್ಪಿಸಿ, ಸವಾಲಿನಲ್ಲಿ ಮಾರಿ, ಬಂದ ಹಣವನ್ನು ಸಭೆಯ ಕೆಲಸಕ್ಕೆ ಕೊಡುವ ವಾಡಿಕೆ. ಒಬ್ಬರು ಬೆಳೆ ಬಂದ ಮೇಲೆ ಕೊಡುತ್ತಾರೆ, ಇನ್ನೊಬ್ಬರು ಬರುವ ಮೊದಲೇ ಉಣಿಸುತ್ತಾರೆ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಮಕ್ಕಳು ಇದನ್ನು ಒಬ್ಬರಿಗೊಬ್ಬರು ಹೇಳಿದರೆ ಅದೇ ಒಂದು ಪ್ರಬಂಧ.

ಶಾಲೆಯಲ್ಲಿ ಸುಗ್ಗಿ ಹಬ್ಬ ಮಾಡಬೇಕೆನ್ನುವವರು ಅದನ್ನು ಅಕ್ಟೋಬರಿನಲ್ಲಿ ಮಾಡಿ ಪೇಟೆಯಿಂದ ಕೊಂಡ ಸೇಬು ಜೋಡಿಸುವ ಬದಲು ಫೆಬ್ರುವರಿಗೆ ಒಯ್ಯಬಹುದು. ಬಬಲೇಶ್ವರದ ಕಡೆಯ ಬಿಳಿಜೋಳದ ತೆನೆ, ಟಿಕೋಟಾದ ದ್ರಾಕ್ಷಿ ಗೊಂಚಲು ಆಗ ಮಕ್ಕಳ ಕೈಯಲ್ಲೇ ಬರುತ್ತವೆ. ಪಕ್ಕದಲ್ಲಿ ಮಣ್ಣಿನ ತೂಕದ ವಹಿ, ಶಬ್ದಗಳ ವಹಿ. ಆ ದಿನಗಳಲ್ಲಿ ಹತ್ತನೆಯ ಇಯತ್ತೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ ಇರುತ್ತದೆ ನಿಜ. ಅವರನ್ನು ಬಿಟ್ಟು ಎಂಟು, ಒಂಬತ್ತನೆಯವರಿಗೆ ಹೊಣೆ ಕೊಟ್ಟರಾಯಿತು. ಅಂಗಳದ ಬೇವು ಆಗ ಎಲೆ ಉದುರಿಸುತ್ತಿರುತ್ತದೆ. ಕಸ ಗುಡಿಸಲು ಮಾತ್ರ ಎಲ್ಲರೂ ಬೇಕಾಗುತ್ತಾರೆ.