ಕೀಟದ ನಿಶ್ಚಲತೆ

ಮಾನ್ವಿ ತಾಲೂಕಿನ ಕುರ್ಡಿಯ ಸುತ್ತಣ ಸೀಮೆಯ ಎರೆಹೊಲಗಳಲ್ಲಿ ಹತ್ತಿಯ ಕಾಯಿ ಬಿರಿಯುವ ಕಾಲಕ್ಕೆ, ಅರಳೆಯ ನಡುವೆ ಕುಳಿತು ಬೀಜದ ರಸ ಹೀರುವ ಕೆಂಪು ತಿಗಣೆಯನ್ನು ಕಾಣದ ರೈತನಿರಲಾರ. ಆದರೂ ಒಂದೂವರೆ ಸೆಂಟಿಮೀಟರಿನ ಆ ಜೀವಿಯನ್ನು ಎದುರಿನಿಂದ ನೋಡುವಾಗ ಕಣ್ಣು ಮೊದಲ್ಗೊಂಡು ಹಿಂಗಾಲಿನವರೆಗೆ ಸರ್ವಾಂಗವನ್ನೂ ಏಕಕಾಲಕ್ಕೆ ಸ್ಫುಟವಾಗಿ ತೋರಿಸುವುದು ಮ್ಯಾಕ್ರೋ ಲೆನ್ಸಿಗೂ ಸಾಧ್ಯವಿಲ್ಲ. ವಸ್ತುವನ್ನು ಅದರ ನಿಜಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸುವ ಲೆನ್ಸು, ಅಪರ್ಚರ್ ಎಫ್/8 ಇರುವಾಗ, ಸುಮಾರು 1 ಮಿಲಿಮೀಟರ್ ಆಳವನ್ನಷ್ಟೇ ಸ್ಪಷ್ಟವಾಗಿ ಹಿಡಿಯಬಲ್ಲುದು. ಎಫ್/22ಕ್ಕೆ ಕಿರಿದುಗೊಳಿಸಿದರೆ ಆಳ ಹೆಚ್ಚುವುದು ದಿಟ, ಆದರೆ ಬೆಳಕಿನ ವಿವರ್ತನೆಯಿಂದ ಸೂಕ್ಷ್ಮ ರೋಮಗಳೆಲ್ಲ ಮಸುಕಾಗುವುವು. ಆದುದರಿಂದ ಫೋಕಸನ್ನು ಅಲ್ಪಾಲ್ಪವಾಗಿ ಸರಿಸುತ್ತ ತೆಗೆದ ಹತ್ತಾರು ಚಿತ್ರಗಳನ್ನು ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಮೊದಲಾದ ತಂತ್ರಾಂಶಗಳಿಗೆ ಒಪ್ಪಿಸುತ್ತಾರೆ. ಅವು ಪ್ರತಿಯೊಂದು ಭಾಗವನ್ನೂ ಅದು ಅತ್ಯಂತ ಸ್ಫುಟವಾಗಿರುವ ಚಿತ್ರದಿಂದ ಆಯ್ದು ಒಂದಾಗಿ ಕೂಡಿಸುತ್ತವೆ.

ಯಾವ ಕ್ಷಣದಲ್ಲಿಯೂ ಯಾರಿಗೂ ಹೀಗೆ ಕಾಣದಿದ್ದ ರೂಪವನ್ನು ಸತ್ಯವೆನ್ನಬಹುದೆ ಎಂಬ ಆಕ್ಷೇಪವು ಸಹಜವಾದುದು. ಆದರೆ ನಮ್ಮ ದೃಷ್ಟಿಯೂ ಒಂದೇ ನೋಟದಲ್ಲಿ ಎಲ್ಲವನ್ನೂ ಗ್ರಹಿಸುವುದಿಲ್ಲ. ಅಂಗದಿಂದ ಅಂಗಕ್ಕೆ ಹರಿದಾಡಿ, ಕಂಡುದನ್ನು ಮನಸ್ಸಿನಲ್ಲಿ ಕೂಡಿಸಿಕೊಂಡೇ ನಾವು ‘ನೋಡಿದೆವು’ ಎನ್ನುತ್ತೇವೆ. ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಾಹಕರ ಸಂಸ್ಥೆಗಳು ನಿಸರ್ಗ ಛಾಯಾಗ್ರಹಣಕ್ಕೆ ಕೊಟ್ಟ ಸಮಾನ ವ್ಯಾಖ್ಯೆಯೂ ಮೂಲದೃಶ್ಯವನ್ನು ಬದಲಿಸದ ಈ ವಿಧಾನವನ್ನು ಅಂಗೀಕರಿಸಿರುವುದು ಯುಕ್ತವೆಂದೇ ನನ್ನ ಮತ. ತಂತ್ರಾಂಶ ತಪ್ಪುವುದೂ ಉಂಟು: ಎರಡು ಚಿತ್ರಗಳ ನಡುವೆ ತಿಗಣೆ ಕುಡಿಮೀಸೆಯನ್ನು ಅಲುಗಿಸಿದರೆ ಸಂಯುಕ್ತಚಿತ್ರದಲ್ಲಿ ಮೂರನೆಯದೊಂದು ಮೀಸೆ ಮೂಡುತ್ತದೆ, ಕಾಲಿನ ಅಂಚಿನ ಸುತ್ತ ಪ್ರಭೆಯಂತಹ ಮಸುಕು ಆವರಿಸುತ್ತದೆ. ಮೂಲಚಿತ್ರಗಳಲ್ಲೊಂದರಿಂದ ಆ ಭಾಗವನ್ನು ತಂದು ತಿದ್ದುವುದು ನ್ಯಾಯ. ಇಲ್ಲದ ರೋಮವನ್ನು ಯಂತ್ರದ ಊಹೆಯಿಂದ ಬೆಳೆಯಿಸುವುದು ಅನ್ಯಾಯ.

ಆದರೆ ಇದಕ್ಕಿಂತಲೂ ಗುರುತರವಾದ ಪ್ರಶ್ನೆ ತಂತ್ರಾಂಶದ ಹೊರಗಿದೆ. ಹತ್ತಾರು ಚಿತ್ರಗಳು ಮುಗಿಯುವವರೆಗೆ ಕೀಟವು ಅಲುಗದಿರಬೇಕು. ಆ ನಿಶ್ಚಲತೆ ಬಂದುದಾದರೂ ಎಲ್ಲಿಂದ? ಮಾಗಿಯ ಮುಂಜಾವಿನಲ್ಲಿ, ಶೀತದಿಂದ ಜಡವಾಗಿ, ಇಬ್ಬನಿ ಹೊತ್ತು ಎಲೆಯ ಮೇಲೆ ಕುಳಿತಿರುವ ಜೀವಿಯನ್ನು, ಬಿಸಿಲೇರುವ ಮುನ್ನ ಕಾದಿದ್ದು ಚಿತ್ರಿಸುವವರಿದ್ದಾರೆ. ಫ್ರಿಜ್ಜಿನಲ್ಲಿಟ್ಟೋ ಕೊಂದೋ ಕೊಂಬೆಗೆ ಅಂಟಿಸಿ, ಜೀವಂತವೆಂಬಂತೆ ಪ್ರದರ್ಶಿಸುವವರೂ ಇದ್ದಾರೆ. ತಂತ್ರಾಂಶಕ್ಕೆ ಇಬ್ಬರೂ ಒಂದೇ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂತಹ ಸಂಸ್ಥೆಗಳ ಸಂಗ್ರಹಗಳಲ್ಲಿ ಮೃತ ಕೀಟಗಳನ್ನು ಹೀಗೆ ಚಿತ್ರಿಸುವುದರಲ್ಲಿ ದೋಷವಿಲ್ಲ. ಏಕೆಂದರೆ ಸೂಜಿಗೆ ಚುಚ್ಚಿದ ಮಾದರಿಯ ಕೆಳಗೆ ಅದು ಸಿಕ್ಕ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರುಗಳ ಚೀಟಿ ಇರುತ್ತದೆ, ಅದು ಜೀವಂತವೆಂದು ಯಾರೂ ಭ್ರಮಿಸುವುದಿಲ್ಲ. ಛಾಯಾಚಿತ್ರದ ಅಡಿಯಲ್ಲಿಯೂ ಎಷ್ಟು ಚಿತ್ರಗಳ ಸಂಯೋಗವಿದು, ಜೀವಿ ಯಾವ ಸ್ಥಿತಿಯಲ್ಲಿತ್ತು ಎಂಬೆರಡು ಮಾತುಗಳು ಇರಲೇಬೇಕು. ಸತ್ತ ಕೀಟದ ಕಾಲುಗಳು ಒಳಕ್ಕೆ ಮಡಚಿಕೊಳ್ಳುತ್ತವೆ, ಅನೇಕ ಕೀಟಗಳ ಕಣ್ಣಿನ ವರ್ಣ ಕೆಲವೇ ಹೊತ್ತಿನಲ್ಲಿ ಕಂದುತ್ತದೆ. ಅಂತಹ ಚಿತ್ರವನ್ನು ಜೀವಂತವೆಂದು ನಂಬಿದ ರಾಯಚೂರಿನ ಕೃಷಿ ವಿದ್ಯಾರ್ಥಿ, ಹೊಲದಲ್ಲಿ ಎಂದೂ ಇಲ್ಲದ ಭಂಗಿಯನ್ನೂ ಬಣ್ಣವನ್ನೂ ಹತ್ತಿಯ ಗಿಡಗಳ ನಡುವೆ ಹುಡುಕುತ್ತಿರುತ್ತಾನೆ.